650 ರೂಪಾಯಿಯ ಡ್ಯಾಶ್‌ಬೋರ್ಡ್ ರಿಪೇರಿ ಕಿಟ್, ರಾಯಚೂರಿನ ಒಂದು ಬೇಸಿಗೆ ಕಳೆದ ಮೇಲೆ

ರಾಯಚೂರಿನ ಬಿಸಿಲು ಗೊತ್ತಲ್ವಾ, ಏಪ್ರಿಲ್ ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಇಲ್ಲಿ ಮಾಮೂಲು. ನಮ್ಮ ಮನೆ ಮುಂದೆ ನೆರಳಿಲ್ಲ, 2007ರ ಕಾರು ಇಷ್ಟು ವರ್ಷವೂ ಬಯಲಲ್ಲೇ ನಿಂತಿದೆ. ಡ್ಯಾಶ್‌ಬೋರ್ಡ್ ಎರಡು ಕಡೆ ಬಿರುಕು ಬಿಟ್ಟಿತ್ತು. ಒಂದು ಎಸಿ ಕಿಂಡಿಯ ಪಕ್ಕ, ನಾಲ್ಕು ಬೆರಳಗಲದಷ್ಟು ಉದ್ದ, ತೆಳ್ಳಗೆ. ಇನ್ನೊಂದು ಮುಂದಿನ ಗಾಜಿನ ಬುಡದಲ್ಲಿ ಸುಮಾರು ಒಂದು ಅಡಿ, ಅಂಚು ಮೇಲಕ್ಕೆದ್ದು ಒಳಗಿನ ಹಳದಿ ಫೋಮ್ ಕಾಣುತ್ತಿತ್ತು. ಡ್ಯಾಶ್‌ಬೋರ್ಡನ್ನೇ ಬದಲಿಸಬೇಕೆಂದರೆ ಎಲ್ಲ ಬಿಚ್ಚಬೇಕು, ವೈರಿಂಗ್ ಕಳಚಬೇಕು. ಅದಕ್ಕೇ ಜನವರಿಯಲ್ಲಿ ಆನ್‌ಲೈನ್‌ನಲ್ಲಿ ಈ ವಿನೈಲ್ (ಡ್ಯಾಶ್‌ಬೋರ್ಡಿನ ಮೇಲಿನ ಮೆದು ಪ್ಲಾಸ್ಟಿಕ್ ಹೊದಿಕೆ) ರಿಪೇರಿ ಕಿಟ್ ತರಿಸಿದೆ. ಈಗ ಜೂನ್. ಬೇಸಿಗೆ ಕಳೆಯದೆ ಇದರ ಬಗ್ಗೆ ಹೇಳುವುದು ಸರಿಯಲ್ಲ ಅಂತ ಕಾದೆ.

ಕಿಟ್‌ನಲ್ಲಿ ನಿಜಕ್ಕೂ ಚೆನ್ನಾಗಿರುವುದು ಬಿರುಕು ತುಂಬುವ ಪೇಸ್ಟ್. ಒಣಗಿದ ಮೇಲೂ ರಬ್ಬರ್ ಹಾಗೆ ಬಾಗುತ್ತದೆ. ಇದೇ ಮುಖ್ಯ, ಯಾಕೆಂದರೆ ಡ್ಯಾಶ್‌ಬೋರ್ಡ್ ಹಗಲು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಹಿಂದೊಮ್ಮೆ ಎಪಾಕ್ಸಿ ಅಂಟು ಹಾಕಿದ್ದೆ, ಅದು ಕಲ್ಲಿನ ಹಾಗೆ ಗಟ್ಟಿಯಾಗಿ ಪಕ್ಕದಲ್ಲೇ ಬಿಟ್ಟುಕೊಂಡಿತು. ಬಿಸಿಲಿಗೆ ವಿನೈಲ್‌ನಲ್ಲಿರುವ ಮೆದು ಮಾಡುವ ಎಣ್ಣೆಯಂಥ ಅಂಶ ಆವಿಯಾಗಿ ಹೋಗುತ್ತದೆ, ಆಮೇಲೆ ಅದು ಒಣಗಿ ಸೀಳುತ್ತದೆ. ಗಾಜಿನ ಒಳಗಡೆ ಜಿಡ್ಡು ಮಂಜು ಕಟ್ಟುತ್ತದಲ್ಲ, ಅದರಲ್ಲಿ ಈ ಅಂಶವೂ ಇರುತ್ತದೆ.

ಜೊತೆಗೆ ಬಂದ ಚೀಟಿಯಲ್ಲಿ "ಒರೆಸಿ, ಹಚ್ಚಿ" ಅಂತಷ್ಟೇ ಇದೆ. ಅಷ್ಟು ಸಾಲದು. ವರ್ಷಗಟ್ಟಲೆ ಹಚ್ಚಿದ ಹೊಳಪಿನ ಪಾಲಿಶ್‌ನಲ್ಲಿ ಸಿಲಿಕೋನ್ ಇರುತ್ತದೆ, ಅದರ ಮೇಲೆ ಏನೂ ಹಿಡಿಯುವುದಿಲ್ಲ. ಮೊದಲು ಸೋಪಿನ ನೀರು, ಆಮೇಲೆ ಜಿಡ್ಡು ತೆಗೆಯುವ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಎರಡು ಸಲ ಒರೆಸಿದೆ. ಎದ್ದ ಅಂಚನ್ನು ಬ್ಲೇಡ್ ಓರೆ ಹಿಡಿದು ಕೊಯ್ದೆ. ಪೇಸ್ಟ್ ಒಣಗುತ್ತಾ ಕುಗ್ಗುವುದರಿಂದ ಒಂದೇ ಸಲ ತುಂಬಬೇಡಿ, ನನಗೆ ನಾಲ್ಕು ತೆಳು ಪದರ ಬೇಕಾಯಿತು. ಕೊನೆಗೆ 240, ಆಮೇಲೆ 400 ನಂಬರ್ ಸ್ಯಾಂಡ್‌ಪೇಪರ್. ಏರ್‌ಬ್ಯಾಗ್ ಮುಚ್ಚಳದ ಮೇಲೆ ಮಾತ್ರ ಏನನ್ನೂ ತುಂಬಬೇಡಿ, ಅದು ಅಪಘಾತದ ಹೊತ್ತಿಗೆ ಸರಿಯಾಗಿ ಬಿಚ್ಚಿಕೊಳ್ಳಬೇಕು. ನನ್ನ ಕಾರಿನಲ್ಲಿ ಏರ್‌ಬ್ಯಾಗ್ ಇಲ್ಲ.

ಬಣ್ಣಗಳು ಮಾತ್ರ ಪ್ರಯೋಜನವಿಲ್ಲ. ಏಳು ಡಬ್ಬಿ ಕೊಡುತ್ತಾರೆ, ಕಲಸಿದಾಗ ಸರಿ ಅನ್ನಿಸುತ್ತದೆ, ಒಣಗಿದ ಮೇಲೆ ಕಪ್ಪಾಗಿ ತೇಪೆ ಹಾಕಿದ ಹಾಗೆ ಕಾಣುತ್ತದೆ. ಚರ್ಮದ ಗೆರೆ ಮೂಡಿಸುವ ಕಾಗದವೂ ನಮ್ಮ ಡ್ಯಾಶ್‌ಬೋರ್ಡಿನ ಗೆರೆಗೆ ಹೊಂದಲಿಲ್ಲ. ಕೊನೆಗೆ 400 ರೂಪಾಯಿಗೆ ಮ್ಯಾಟ್ ಕಪ್ಪು ವಿನೈಲ್ ಸ್ಪ್ರೇ ತಂದು, ಗಾಜಿಗೆ ಪೇಪರ್ ಅಂಟಿಸಿ, ಬಾಗಿಲೆಲ್ಲ ತೆರೆದಿಟ್ಟು ಮೇಲ್ಭಾಗ ಪೂರ್ತಿ ಹೊಡೆದೆ. ಹೊಡೆಯುವಾಗ ಮಾಸ್ಕ್ ಹಾಕಿಕೊಳ್ಳಿ.

ಸಣ್ಣ ಬಿರುಕು ಈಗ ಎಲ್ಲಿತ್ತು ಅಂತ ನನಗೇ ಹುಡುಕಬೇಕು. ಬಹಳ ಖುಷಿಯಾಯಿತು. ದೊಡ್ಡದು ಏಪ್ರಿಲ್ ಮಧ್ಯದಲ್ಲಿ ಒಂದು ತುದಿಯಲ್ಲಿ ಹೆಬ್ಬೆರಳುದ್ದ ಮತ್ತೆ ಬಿಟ್ಟುಕೊಂಡಿತು. ಹಾಗಾಗಿ ಬೆರಳುದ್ದದ ಬಿರುಕಿದ್ದರೆ ಧೈರ್ಯವಾಗಿ ತಗೊಳ್ಳಿ. ಅಡಿಗಟ್ಟಲೆ ಸೀಳಿದ್ದರೆ ಸೀಟ್ ಕವರ್ ಅಂಗಡಿಯಲ್ಲಿ ರೆಕ್ಸಿನ್ ಹೊದಿಸುವುದಕ್ಕೆ ಎಷ್ಟಾಗುತ್ತದೆ ಅಂತ ಮೊದಲು ಕೇಳಿ.

ಟ್ಯೂಬ್‌ನಲ್ಲಿ ಇನ್ನೂ ಅರ್ಧ ಪೇಸ್ಟ್ ಇದೆ. ಈ ಮಳೆಗಾಲದಲ್ಲಿ ಆ ಸೀಳಿನ ತುದಿಗೆ ಸಣ್ಣ ತೂತು ಕೊರೆದು, ಅದು ಮುಂದೆ ಓಡದ ಹಾಗೆ ಮಾಡಿ, ಮತ್ತೆ ತುಂಬುತ್ತೇನೆ. ಗಾಜಿಗೆ ಅಡ್ಡ ಇಡುವ ಸನ್‌ಶೇಡ್ ಆಗಲೇ ತಂದಾಗಿದೆ.