ಆನಗೋಡಿಗೆ ಬಂದ ಹಸ್ಕಾಪ್ ಸಸಿ: ಕೊಳ್ಳುವ ಮೊದಲು ತಿಳಿಯಬೇಕಾದದ್ದು

ಆನ್‌ಲೈನ್ ನರ್ಸರಿಯೊಂದು ‘ಎಲ್ಲ ಹವಾಮಾನಕ್ಕೂ ಒಗ್ಗುವ ನೀಲಿ ಹಣ್ಣು’ ಎಂದು ಹೇಳಿ ಮಾರುತ್ತಿರುವ ಹಸ್ಕಾಪ್ ಸಸಿಯನ್ನು ದಾವಣಗೆರೆ ಸಮೀಪದ ಆನಗೋಡಿನಲ್ಲಿ ತೋಟ ಮಾಡಿರುವ ನಮ್ಮ ಭಾವನವರು ತರಿಸಿದ್ದರು. ಸಸಿ ತಲುಪಿದ ರೀತಿಯಲ್ಲಿ ಕೊರತೆಯೇನೂ ಇರಲಿಲ್ಲ; ತೆಂಗಿನ ನಾರಿನ ಪುಡಿಯಲ್ಲಿ ಬೇರು ಹಸಿಯಾಗಿಯೇ ಉಳಿದಿತ್ತು. ನನ್ನ ಆಕ್ಷೇಪವಿರುವುದು ಆ ವಿವರಣೆಯ ಬಗ್ಗೆ.

ಹಸ್ಕಾಪ್ ಸೈಬೀರಿಯಾ ಮತ್ತು ಜಪಾನಿನ ಹೊಕ್ಕೈಡೊದಂತಹ ಶೀತ ಪ್ರದೇಶಗಳಲ್ಲಿ ತಾನಾಗಿಯೇ ಬೆಳೆಯುವ ಪೊದೆ. ಕೆನಡಾದ ಸಸ್ಕಾಚೆವಾನ್ ವಿಶ್ವವಿದ್ಯಾಲಯವು ಅದನ್ನು ತೋಟದ ಬೆಳೆಯಾಗಿ ಅಭಿವೃದ್ಧಿಪಡಿಸಿ, 2007ರಲ್ಲಿ ಟಂಡ್ರಾ, ಬೊರಿಯಾಲಿಸ್ ಎಂಬ ತಳಿಗಳನ್ನು ಹೊರತಂದಿತು. ಚಳಿಗಾಲದ ನಿದ್ರೆಯಲ್ಲಿರುವ ಗಿಡ ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿನ ಶೀತವನ್ನು ತಡೆದುಕೊಳ್ಳುತ್ತದೆ. ಅರಳಿದ ಹೂವು ಕೂಡ ಮೈನಸ್ 7 ಡಿಗ್ರಿಯ ಹಿಮಕ್ಕೆ ಸುಲಭವಾಗಿ ಉದುರುವುದಿಲ್ಲ. ಜೋಡಿಯಾಗಿ ಬಿಡುವ ಎರಡು ಹೂಗಳಿಗೆ ಒಂದೇ ಹಣ್ಣು ಕಟ್ಟುವುದನ್ನು ಓದಿದಾಗ ಈ ಗಿಡದ ಮೇಲೆ ನನಗೆ ನಿಜವಾದ ಪ್ರೀತಿ ಹುಟ್ಟಿತು. ಅದರ ಹಣ್ಣು ಹೊರಗೆ ನೀಲಿಯಾದ ಮಾತ್ರಕ್ಕೆ ಮಾಗಿರುವುದಿಲ್ಲ. ಒಳಗಿನ ತಿರುಳಿನ ಹಸಿರು ಪೂರ್ತಿ ಹೋಗಿ ಕಡುಗೆಂಪಾಗುವವರೆಗೆ ಕಾಯದೆ ಕಿತ್ತರೆ ಹುಳಿಯೇ ಹೆಚ್ಚು.

ಇಂತಹ ಗಿಡಕ್ಕೆ ಚಳಿಯೆಂದರೆ ಸಹಿಸಬೇಕಾದ ಕಷ್ಟವಲ್ಲ, ಬದುಕಿನ ಅಗತ್ಯ. ತಿಂಗಳುಗಟ್ಟಲೆ ಕೊರೆಯುವ ಶೀತದಲ್ಲಿ ಮಲಗಿ ಎದ್ದರೆ ಮಾತ್ರ ಅದರ ಮೊಗ್ಗುಗಳು ಸರಿಯಾಗಿ ಒಡೆಯುತ್ತವೆ. ನಮ್ಮಲ್ಲಿ ಡಿಸೆಂಬರಿನ ರಾತ್ರಿಯೂ ಸಾಮಾನ್ಯವಾಗಿ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ಬೇಸಿಗೆಯ ಮಧ್ಯಾಹ್ನವಂತೂ 37-38 ಡಿಗ್ರಿ ಮುಟ್ಟುತ್ತದೆ. ಭಾವನವರು ನೆರಳು ಪರದೆ ಕಟ್ಟಿ, ಬುಡಕ್ಕೆ ಹುಲ್ಲಿನ ಮುಚ್ಚಿಗೆ ಹಾಕಿ, ಹನಿ ನೀರು ಕೊಟ್ಟು ಮುತುವರ್ಜಿಯಿಂದ ನೋಡಿಕೊಂಡರೂ, ಗಿಡ ಚಳಿಗಾಲದಲ್ಲಿ ಎಲೆ ಉದುರಿಸಿ ವಿಶ್ರಮಿಸಲೂ ಇಲ್ಲ, ಹೊಸದಾಗಿ ಚಿಗುರಲೂ ಇಲ್ಲ. ಮಾರ್ಚ್ ಹೊತ್ತಿಗೆ ಎಲೆಗಳ ಅಂಚು ಕಂದಿ ಸುಟ್ಟಂತಾಯಿತು. ಪರದೆ ಬಿಸಿಲನ್ನು ತಗ್ಗಿಸಬಹುದೇ ಹೊರತು ಚಳಿಯನ್ನು ತಂದುಕೊಡಲಾರದು.

ಇನ್ನೊಂದು ವಿಷಯವನ್ನೂ ಮಾರಾಟಗಾರರು ಮುಚ್ಚಿಟ್ಟಿದ್ದಾರೆ. ಹಸ್ಕಾಪ್ ಚೆನ್ನಾಗಿ ಕಾಯಿ ಕಟ್ಟಬೇಕಾದರೆ ಅದೇ ಸಮಯಕ್ಕೆ ಹೂ ಬಿಡುವ, ಹತ್ತಿರದ ಸಂಬಂಧವಿಲ್ಲದ ಮತ್ತೊಂದು ತಳಿ ಪಕ್ಕದಲ್ಲಿರಬೇಕು. ಇಲ್ಲಿ ಒಂಟಿ ಸಸಿ ಕಳುಹಿಸಿದ್ದಲ್ಲದೆ, ಚೀಟಿಯಲ್ಲಿ ತಳಿಯ ಹೆಸರನ್ನೂ ಬರೆದಿರಲಿಲ್ಲ. ತಳಿ ತಿಳಿಯದೆ ಅದಕ್ಕೆ ಜೊತೆಯನ್ನು ಆರಿಸುವುದಾದರೂ ಹೇಗೆ?

ಕಾಶ್ಮೀರ, ಹಿಮಾಚಲದ ಸೇಬು ಬೆಳೆಯುವ ಎತ್ತರದಲ್ಲಿ ಜಮೀನಿರುವವರು ಎರಡು ತಳಿಗಳನ್ನು ಒಟ್ಟಿಗೆ ತರಿಸಿ ಪ್ರಯತ್ನಿಸಿದರೆ ಅರ್ಥವಿದೆ. ದಾವಣಗೆರೆ, ಚಿತ್ರದುರ್ಗದ ರೈತರು ಈ ಸಸಿಗೆ ಹಣ ಹಾಕಬಾರದೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಹೊಸ ಹಣ್ಣಿನ ಆಸೆಯಿದ್ದರೆ ನಮ್ಮ ಒಣಭೂಮಿಗೆ ಒಗ್ಗಿರುವ ಸೀತಾಫಲ, ನೇರಳೆ, ಕವಳಿಗಳ ಒಳ್ಳೆಯ ಸಸಿಗಳನ್ನು ಹುಡುಕಲಿ. ಒಟ್ಟಾರೆ 5ರಲ್ಲಿ 1 ಅಂಕ ಕೊಟ್ಟಿದ್ದೇನೆ, ಅದೂ ಪ್ಯಾಕಿಂಗ್ ಚೆನ್ನಾಗಿದ್ದುದಕ್ಕೆ. ತಳಿಯ ಹೆಸರು, ಬೇಕಾದ ಚಳಿಯ ಪ್ರಮಾಣ ಮತ್ತು ಜೊತೆ ತಳಿಯ ವಿವರವನ್ನು ನರ್ಸರಿಯವರು ಬೆಲೆಯ ಪಕ್ಕದಲ್ಲೇ ನಮೂದಿಸಿದರೆ ಅಂಕವನ್ನು ಸಂತೋಷದಿಂದ ಬದಲಿಸುತ್ತೇನೆ.