ಒಟಿಟಿ ಚಂದಾ, ಎರಡೂವರೆ ವರ್ಷದ ಬಳಕೆ: ಮುಖಪುಟ ನಂಬಬೇಡಿ, ಹೆಸರು ಹಿಡಿದು ಹುಡುಕಿ

ಐದಕ್ಕೆ ಮೂರು. ಒಳಗಿರುವ ಸಿನಿಮಾಗಳಿಗೆ ನಾಲ್ಕು, ಅವನ್ನು ತೋರಿಸುವ ರೀತಿಗೆ ಎರಡು, ಸರಾಸರಿ ಮೂರು. ಆ್ಯಪ್‌ನ ಹೆಸರು ಬರೆದಿಲ್ಲ, ದೊಡ್ಡವೆಲ್ಲದರ ಚಾಳಿಯೂ ಹೆಚ್ಚುಕಡಿಮೆ ಒಂದೇ. ಬಳಕೆ ಕಲಬುರಗಿಯಲ್ಲಿ: 43 ಇಂಚಿನ ಟಿವಿ, 50 ಎಂಬಿಪಿಎಸ್ ಫೈಬರ್, ಮನೆಮಂದಿಗೆಲ್ಲ ಒಂದೇ ಚಂದಾ.

2024 ನೆನಪಿಸಿಕೊಳ್ಳಿ. ಮೊದಲ ಆರು ತಿಂಗಳು ಥಿಯೇಟರುಗಳು ಭಣಭಣ. “ಈ ವರ್ಷ ನೋಡೋವಂಥದ್ದು ಏನೂ ಇಲ್ರಿ” ಅನ್ನುವ ಮಾತು ಎಲ್ಲ ಕಡೆ. ಅದೇ ಆರು ತಿಂಗಳಲ್ಲಿ ‘ಹದಿನೇಳೆಂಟು’, ‘ಫೋಟೋ’, ‘ಶಿವಮ್ಮ ಯರೇಹಂಚಿನಾಳ’ ಎಂಬ ಮೂರು ಒಳ್ಳೆಯ ಕನ್ನಡ ಚಿತ್ರಗಳು ತೆರೆಗೆ ಬಂದವು. ಕೊನೆಯದಂತೂ ನಮ್ಮದೇ ಕಲ್ಯಾಣ ಕರ್ನಾಟಕದ ಕೊಪ್ಪಳ ಜಿಲ್ಲೆಯ ಹಳ್ಳಿಯದು, ಅಲ್ಲಿಯ ಮಾತು, ಅಲ್ಲಿಯ ಮಂದಿ. ಇಂಥ ಚಿತ್ರಕ್ಕೆ ಜಿಲ್ಲಾ ಕೇಂದ್ರದಲ್ಲಿ ದಿನಕ್ಕೊಂದು ಆಟ ಸಿಕ್ಕರೆ ದೊಡ್ಡದು. ಮುಂದಿನ ಶುಕ್ರವಾರ ಅದೂ ಇಲ್ಲ. ಆಮೇಲೆ ಉಳಿಯುವುದು ಒಟಿಟಿಯೊಂದೇ. ಅಲ್ಲಿ ಮುಖಪುಟದಲ್ಲಿ ಇವು ಕಾಣುವುದಿಲ್ಲ. ತೊಗರಿ ತೂರಿದವರಿಗೆ ಗೊತ್ತಿರುವುದೇ, ಹೊಟ್ಟು ಮೊದಲು ಹಾರುತ್ತದೆ.

ಮುಖಪುಟ ಯಾಕೆ ಕೆಲಸಕ್ಕೆ ಬಾರದು? ‘ಟಾಪ್ 10’ ಅಂದರೆ ಎಷ್ಟು ಮಂದಿ ಹಾಕಿದರು ಎಂಬ ಲೆಕ್ಕ, ಎಷ್ಟು ಮಂದಿಗೆ ಹಿಡಿಸಿತು ಎಂಬುದಲ್ಲ. ಉಳಿದ ಸಾಲುಗಳು ನೀವು ನೋಡಿದ್ದನ್ನೇ ಹಿಗ್ಗಿಸಿ ತೋರಿಸುತ್ತವೆ. ನಮ್ಮ ಕಡೆಯ ಮನೆಗಳಲ್ಲಿ ಒಬ್ಬರಿಗೆ ತೆಲುಗು, ಇನ್ನೊಬ್ಬರಿಗೆ ಹಿಂದಿ, ಮಕ್ಕಳಿಗೆ ಕಾರ್ಟೂನು. ಎಲ್ಲ ಒಂದೇ ಪ್ರೊಫೈಲಿನಲ್ಲಿ ಓಡಿದರೆ ಶಿಫಾರಸು ಎಲ್ಲವನ್ನೂ ಕಲಸಿದ ಚಿತ್ರಾನ್ನ. ಒಬ್ಬರಿಗೊಂದು ಪ್ರೊಫೈಲ್ ಮಾಡಿ, ಹಳೆಯ ವೀಕ್ಷಣೆ ಪಟ್ಟಿಯಿಂದ ಬೇಡದ್ದನ್ನು ಅಳಿಸಿ. ಎರಡು ವಾರದಲ್ಲಿ ವ್ಯತ್ಯಾಸ ಕಾಣುತ್ತದೆ, ಆದರೆ ಪೂರ್ತಿ ಗುಣವಾಗುವ ಕಾಯಿಲೆ ಅಲ್ಲ. ‘ಕನ್ನಡ’ ಎಂಬ ಸಾಲಿನಲ್ಲೂ ಡಬ್ ಆದ ತೆಲುಗು, ತಮಿಳು ಚಿತ್ರಗಳು ತುಂಬಿರುತ್ತವೆ. ಪೋಸ್ಟರಿನಲ್ಲಿ ಕನ್ನಡ ಅಕ್ಷರ ಕಂಡ ಮಾತ್ರಕ್ಕೆ ಒತ್ತಬೇಡಿ. ವಿವರದ ಪುಟದಲ್ಲಿ ನಿರ್ದೇಶಕರು ಯಾರು, ಆಡಿಯೋ ಪಟ್ಟಿಯಲ್ಲಿ ಮೂಲ ಭಾಷೆ ಯಾವುದು, ಎರಡನ್ನೂ ನೋಡಿ.

ನಿಜವಾದ ಉಪಯೋಗ ಇರುವುದು ಹುಡುಕುವ ಪೆಟ್ಟಿಗೆಯಲ್ಲಿ, ಅದಕ್ಕೂ ಹಟ ಜಾಸ್ತಿ. ಕನ್ನಡ ಲಿಪಿಯಲ್ಲಿ ಟೈಪ್ ಮಾಡಿದರೆ ಹಲವು ಸಲ ಏನೂ ಬರುವುದಿಲ್ಲ. ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರೆ ದೀರ್ಘಕ್ಕೆ ‘ಎ’ ಒಂದೋ ಎರಡೋ, ‘ಳ’ಕ್ಕೆ ‘ಎಲ್’ ಒಂದೋ ಎರಡೋ ಎಂಬ ಗೊಂದಲ. ಮೊದಲ ನಾಲ್ಕೈದು ಅಕ್ಷರ ಮಾತ್ರ ಹೊಡೆದು ನಿಲ್ಲಿಸಿ, ಪೂರ್ತಿ ಹೆಸರು ಬರೆದಷ್ಟೂ ತಪ್ಪುವ ಸಾಧ್ಯತೆ ಹೆಚ್ಚು. ಇನ್ನೊಂದು ಕೀಲಿ, ಚಿತ್ರೋತ್ಸವಕ್ಕೆ ಹೋದ ಸಿನಿಮಾಗಳಿಗೆ ಇಂಗ್ಲಿಷ್ ಹೆಸರು ಬೇರೆಯೇ ಇರುತ್ತದೆ. ‘ಹದಿನೇಳೆಂಟು’ ಹೊರಗಡೆ ‘ಸೆವೆಂಟೀನರ್ಸ್’, ‘ಪಿಂಕಿ ಎಲ್ಲಿ?’ಗೆ ‘ವೇರ್ ಈಸ್ ಪಿಂಕಿ?’, ‘ಕೋಳಿ ತಾಳ್’ಗೆ ‘ದಿ ಚಿಕನ್ ಕರಿ’. ಅದೂ ಆಗದಿದ್ದರೆ ನಿರ್ದೇಶಕರ ಹೆಸರು ಹಾಕಿ. ‘ಹದಿನೇಳೆಂಟು’, ‘ಪಿಂಕಿ ಎಲ್ಲಿ?’ ಎರಡನ್ನೂ ಮಾಡಿದ ಪೃಥ್ವಿ ಕೋಣನೂರು ಎಂದು ಹುಡುಕಿದರೆ ಒಂದರ ಜತೆ ಇನ್ನೊಂದೂ ಸಿಗಬಹುದು. ಹಿಡಿಸಿದ ಚಿತ್ರದ ಛಾಯಾಗ್ರಾಹಕ, ಸಂಕಲನಕಾರರ ಹೆಸರು ಹಿಡಿದು ಮುಂದಿನದಕ್ಕೆ ಹೋಗುವುದು ಯಾವ ಶಿಫಾರಸಿಗಿಂತಲೂ ಛಲೋ.

ಹುಡುಕಲು ಹೆಸರು ಎಲ್ಲಿಂದ ತರುವುದು? ಈ ವರ್ಷದ್ದು ಸೊರಗಿದ್ದರೆ ಎರಡು ವರ್ಷ ಹಿಂದಿನ ಚಿತ್ರೋತ್ಸವದ ಪಟ್ಟಿ ತೆಗೆಯಿರಿ. ‘ಶಿವಮ್ಮ’ ದಕ್ಷಿಣ ಕೊರಿಯಾದ ಬುಸಾನ್ ಚಿತ್ರೋತ್ಸವದಲ್ಲಿ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದದ್ದು 2022ರಲ್ಲಿ, ನಮ್ಮ ಥಿಯೇಟರಿಗೆ ಬಂದದ್ದು 2024ರ ಜೂನ್‌ನಲ್ಲಿ. ‘ಪಿಂಕಿ ಎಲ್ಲಿ?’ ಅದೇ ಉತ್ಸವದಲ್ಲಿ 2020ರಲ್ಲಿ ತೋರಿಸಿದ್ದು, ಬಿಡುಗಡೆ 2023ರಲ್ಲಿ. ರಾಷ್ಟ್ರಪ್ರಶಸ್ತಿಯ ಕತೆಯೂ ಅಷ್ಟೇ, 2022ರ ಚಿತ್ರಗಳಿಗೆ ಪ್ರಕಟವಾದದ್ದು 2024ರ ಆಗಸ್ಟ್‌ನಲ್ಲಿ. ಕರ್ನಾಟಕ ಚಲನಚಿತ್ರ ಅಕಾಡೆಮಿ ನಡೆಸುವ ಬೆಂಗಳೂರು ಚಿತ್ರೋತ್ಸವದಲ್ಲಿ ಕನ್ನಡ ಸ್ಪರ್ಧಾ ವಿಭಾಗವೇ ಇದೆ. ಆ ಪಟ್ಟಿಯ ಹೆಸರು, ವರ್ಷ, ನಿರ್ದೇಶಕರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು ಮೂರು ತಿಂಗಳಿಗೊಮ್ಮೆ ಹುಡುಕಿ. ಯಾವ ಆ್ಯಪ್‌ನಲ್ಲಿದೆ ಎಂದು ನೋಡಲು ಜಸ್ಟ್‌ವಾಚ್ ಇದೆ, ದೇಶ ‘ಇಂಡಿಯಾ’ ಎಂದು ಇಟ್ಟುಕೊಳ್ಳಿ. ಹಣ ಕಟ್ಟುವ ಮೊದಲು ಆ್ಯಪ್ ತೆರೆದು ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳಿ, ಹಕ್ಕಿನ ಅವಧಿ ಮುಗಿದರೆ ಸಿನಿಮಾ ಸದ್ದಿಲ್ಲದೆ ಮಾಯ.

ಹೀಗಾಗಿ ವರ್ಷದ ಚಂದಾ ಬೇಡ. ಪಟ್ಟಿಯಲ್ಲಿ ಒಂದೇ ಆ್ಯಪ್‌ನ ಆರೆಂಟು ಹೆಸರು ಸೇರಿದ ಮೇಲೆ ಒಂದು ತಿಂಗಳಿಗೆ ಕಟ್ಟಿ, ಕಟ್ಟಿದ ದಿನವೇ ಆಟೋಪೇ ತೆಗೆದುಹಾಕಿ. ಒಂದೇ ಚಿತ್ರ ಬೇಕಿದ್ದರೆ ಬಾಡಿಗೆಗೆ ಸಿಗುತ್ತದೋ ನೋಡಿ. ಸಾಮಾನ್ಯವಾಗಿ 30 ದಿನದೊಳಗೆ ಶುರು ಮಾಡಬೇಕು, ಶುರು ಮಾಡಿದ ಮೇಲೆ 48 ತಾಸಿನಲ್ಲಿ ಮುಗಿಸಬೇಕು. ಅರ್ಧ ನೋಡಿ ಭಾನುವಾರಕ್ಕೆ ಇಟ್ಟುಕೊಂಡರೆ ದುಡ್ಡು ಹೋಯಿತು.

ಚಿತ್ರ ಮಸುಕಾಗಿ ಬಂದರೆ ಎಲ್ಲರೂ ಬೈಯುವುದು ನೆಟ್ಟಿಗೆ. ಎಷ್ಟೋ ಸಲ ತಪ್ಪು ಸಾಧನದ್ದು. ಅಗ್ಗದ ಆ್ಯಂಡ್ರಾಯ್ಡ್ ಪೆಟ್ಟಿಗೆ, ಕೆಲವು ಫೋನುಗಳಲ್ಲಿ ವೈಡ್‌ವೈನ್ ಎಂಬ ನಕಲು ತಡೆಯುವ ಬೀಗದ ಕೆಳಗಿನ ಹಂತ, ಎಲ್3 ಮಾತ್ರ ಇರುತ್ತದೆ, ಅದರಲ್ಲಿ ಚಿತ್ರದ ಸ್ಪಷ್ಟತೆ 480ಪಿ ಆಸುಪಾಸಿಗೇ ನಿಲ್ಲುತ್ತದೆ. ಎಚ್‌ಡಿಗೆ ಮೇಲಿನ ಹಂತ, ಎಲ್1 ಬೇಕು. ‘ಡಿಆರ್‌ಎಂ ಇನ್ಫೋ’ ಎಂಬ ಉಚಿತ ಆ್ಯಪ್ ಹಾಕಿದರೆ ಅರ್ಧ ನಿಮಿಷದಲ್ಲಿ ಗೊತ್ತಾಗುತ್ತದೆ, ಕೊಳ್ಳುವ ಮೊದಲೇ ಅಂಗಡಿಯಲ್ಲಿ ನೋಡುವುದು ಒಳ್ಳೆಯದು. ಸಿನಿಮಾ ಧಾರಾವಾಹಿಯಂತೆ ನುಣುಪಾಗಿ ಕಂಡರೆ ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಚಲನೆಯನ್ನು ನುಣುಪು ಮಾಡುವ ‘ಮೋಷನ್ ಸ್ಮೂದಿಂಗ್’ ಆಫ್ ಮಾಡಿ. ಮಾತು ಕೇಳದೆ ಸಂಗೀತ ಮಾತ್ರ ಬಡಿದರೆ ಆಡಿಯೋದಲ್ಲಿ ಆರು ಸ್ಪೀಕರಿಗೆಂದು ಮಾಡಿದ 5.1 ಬಿಟ್ಟು ಸ್ಟೀರಿಯೋಗೆ ಹೋಗಿ. ಟಿವಿಯ ಎರಡೇ ಸ್ಪೀಕರಿಗೆ ಅದೇ ಸರಿ.

ಮೊಬೈಲ್ ಡೇಟಾದಲ್ಲಿ ನೋಡುವವರು ಲೆಕ್ಕ ಹಾಕಿ: ಎಚ್‌ಡಿಗೆ ತಾಸಿಗೆ 3 ಜಿಬಿವರೆಗೆ, ಎಸ್‌ಡಿಗೆ ಸುಮಾರು 1. ದಿನಕ್ಕೆ ಒಂದೂವರೆ ಜಿಬಿ ಪ್ಯಾಕಿನಲ್ಲಿ ಎಚ್‌ಡಿ ಚಿತ್ರ ಅರ್ಧ ತಾಸಿಗೇ ನಿಲ್ಲುತ್ತದೆ. ಇನ್ನು ಬ್ಯಾಸಗಿಯಲ್ಲಿ ಕರೆಂಟು ಹೋದರೆ ಟಿವಿಗೆ ಇನ್ವರ್ಟರ್ ಇದ್ದರೂ ಅದರ ಸಾಲಿಗೆ ಸೇರದ ರೂಟರ್ ಸಾಯುತ್ತದೆ. ಅದಕ್ಕೊಂದು ಮಿನಿ ಯುಪಿಎಸ್ ಸಾಕು. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ತಿರುಗಿಸಿ 12 ವೋಲ್ಟೋ 9 ವೋಲ್ಟೋ, ಆಂಪಿಯರ್ ಎಷ್ಟು ಎಂದು ಓದಿಕೊಳ್ಳಿ. ಫೈಬರಿಗೆ ಬೇರೆ ಡಬ್ಬಿ ಇದ್ದರೆ ಅದಕ್ಕೂ ಒಂದು ತಂತಿ ಬೇಕು, ಇಲ್ಲದಿದ್ದರೆ ರೂಟರಿನ ದೀಪ ಉರಿಯುತ್ತದೆ, ನೆಟ್ ಮಾತ್ರ ಬರುವುದಿಲ್ಲ.