ಆರು ತಿಂಗಳು ಬಳಸಿದ ಫೋನಿಕ್ಸ್ ಪೆಟ್ಟಿಗೆ: ಪುಸ್ತಕಗಳು ಚೆನ್ನ, ಧ್ವನಿಮುದ್ರಣ ಬೇಡ

ನಾಲ್ಕರಿಂದ ಏಳು ವರ್ಷದ ಮಕ್ಕಳಿಗೆ ಇಂಗ್ಲಿಷ್ ಓದನ್ನು ಧ್ವನಿಗಳ ಮೂಲಕ ಕಲಿಸುವ ಒಂದು ಫೋನಿಕ್ಸ್ ಪೆಟ್ಟಿಗೆಯನ್ನು ಆರು ತಿಂಗಳಿನಿಂದ ಮನೆಯಲ್ಲಿ ಬಳಸುತ್ತಿದ್ದೇನೆ. ಕಲಿಯುತ್ತಿರುವವರು ಇಬ್ಬರು: ಐದು ವರ್ಷ ತುಂಬಿದ ನನ್ನ ಮಗಳು, ಅವಳಿಗಿಂತ ಒಂದು ವರ್ಷ ದೊಡ್ಡವನಾದ ನನ್ನ ತಂಗಿಯ ಮಗ. ಪೆಟ್ಟಿಗೆಯಲ್ಲಿ 42 ಧ್ವನಿಗಳ ಕಾರ್ಡುಗಳು, 36 ಪುಟ್ಟ ಪುಸ್ತಕಗಳು, ಒಂದು ತಗಡಿನ ಹಲಗೆ, ಅದಕ್ಕೆ ಅಂಟಿಕೊಳ್ಳುವ ಅಯಸ್ಕಾಂತದ ಅಕ್ಷರಗಳು ಮತ್ತು ಕಲಿಸುವವರಿಗಾಗಿ ಒಂದು ಕೈಪಿಡಿ ಇವೆ. ಪ್ರತಿ ಕಾರ್ಡಿನ ಹಿಂಬದಿಯ ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಆ ಅಕ್ಷರದ ಧ್ವನಿ ಕೇಳಿಸುತ್ತದೆ. ಪುಸ್ತಕಗಳನ್ನು ನಾನು ಮನಸಾರೆ ಮೆಚ್ಚಿದ್ದೇನೆ. ಧ್ವನಿಮುದ್ರಣವನ್ನು ಮಾತ್ರ ಯಾರೂ ಬಳಸಬಾರದೆಂದು ಸ್ಪಷ್ಟವಾಗಿ ಹೇಳುತ್ತೇನೆ. ಯಾರು ತಯಾರಿಸಿದ ಫೋನಿಕ್ಸ್ ಸಾಮಗ್ರಿಯನ್ನು ಕೊಳ್ಳುವವರಿಗಾದರೂ ಈ ಎರಡು ಅಂಶಗಳೇ ಮುಖ್ಯವಾದ್ದರಿಂದ ಕಾರಣಗಳನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಪೆಟ್ಟಿಗೆ ಮನೆಗೆ ಬರುವ ಮೊದಲೇ ಮಗಳಿಗೆ 26 ಅಕ್ಷರಗಳ ಹೆಸರೂ ಬಾಯಿಪಾಠವಾಗಿದ್ದವು. ಆದರೂ 'ಕ್ಯಾಟ್' ಎಂಬ ಪದವನ್ನು ಬರೆದು ಮುಂದಿಟ್ಟರೆ 'ಸೀ, ಏ, ಟೀ' ಎಂದು ಸರಿಯಾಗಿ ಹೇಳಿ, ಮುಂದೇನು ಎಂಬಂತೆ ನನ್ನ ಮುಖ ನೋಡುತ್ತಿದ್ದಳು. ಕನ್ನಡದಲ್ಲಿ ಅಕ್ಷರದ ಹೆಸರೂ ಅದರ ಉಚ್ಚಾರಣೆಯೂ ಒಂದೇ ಆಗಿರುವುದರಿಂದ 'ಮ' ಮತ್ತು 'ರ' ಎಂಬುದನ್ನು ಒಂದರ ಹಿಂದೊಂದು ಹೇಳಿದರೆ 'ಮರ' ಎಂಬ ಪದ ತಾನಾಗಿ ಕಿವಿಗೆ ಬೀಳುತ್ತದೆ. ಇಂಗ್ಲಿಷಿನಲ್ಲಿ ಹೆಸರು ಬೇರೆ, ಧ್ವನಿ ಬೇರೆ. ಹೆಸರುಗಳನ್ನು ಎಷ್ಟು ವೇಗವಾಗಿ ಹೇಳಿದರೂ ಅವುಗಳಿಂದ ಪದ ಹುಟ್ಟುವುದಿಲ್ಲ. ಸಾಲದೆಂಬಂತೆ, ಈ 26 ಅಕ್ಷರಗಳೇ ಸುಮಾರು 44 ಧ್ವನಿಗಳನ್ನು ಹೊರಬೇಕು. ಇಂಗ್ಲಿಷ್ ಸೇರಿದಂತೆ ಯುರೋಪಿನ 13 ಭಾಷೆಗಳಲ್ಲಿ ಮಕ್ಕಳು ಓದಲು ಆರಂಭಿಸುವ ಬಗೆಯನ್ನು ಹೋಲಿಸಿ 2003ರಲ್ಲಿ ಪ್ರಕಟವಾದ ಅಧ್ಯಯನವೊಂದು, ಕಾಗುಣಿತ ನಿಯಮಬದ್ಧವಾಗಿರುವ ಭಾಷೆಗಳಿಗಿಂತ ಇಂಗ್ಲಿಷಿನಲ್ಲಿ ಈ ಆರಂಭದ ಹಂತ ದಾಟಲು ಎರಡು ಪಟ್ಟಿಗಿಂತಲೂ ಹೆಚ್ಚು ಕಾಲ ಬೇಕಾಗುತ್ತದೆ ಎಂದು ತೋರಿಸಿತು. ಇಂಗ್ಲಿಷನ್ನೇ ಮನೆಮಾತಾಗಿ ಆಡುವ ಮಕ್ಕಳ ಸ್ಥಿತಿಯೇ ಇದು. ಹಾಗಿರುವಾಗ ಬೇರೆ ಮನೆಮಾತಿನ ಮಗುವಿನ ಕೈಗೆ ನಾವು ಕೊಡುವ ಸಾಮಗ್ರಿ ಅಚ್ಚುಕಟ್ಟಾಗಿರಲೇಬೇಕು.

ಈಗ ಧ್ವನಿಮುದ್ರಣದ ವಿಷಯ. 'ಬಿ' ಅಕ್ಷರದ ಕಾರ್ಡನ್ನು ಸ್ಕ್ಯಾನ್ ಮಾಡಿದರೆ ಕೇಳಿಸುವುದು ತುಂಡಾದ 'ಬ್' ಎಂಬ ಧ್ವನಿಯಲ್ಲ, ಬಾಯಿ ತುಂಬ ಎಳೆದ 'ಬಾ'. 'ಟಿ' ಅಕ್ಷರಕ್ಕೆ 'ಟಾ', 'ಎಸ್' ಅಕ್ಷರಕ್ಕೆ 'ಸಾ', 'ಎಮ್' ಅಕ್ಷರಕ್ಕೆ 'ಮಾ'. ಕೇಳಲು ಇಂಪಾಗಿಯೇ ಇದೆ, ಹಿನ್ನೆಲೆಯಲ್ಲಿ ಸಂಗೀತವೂ ಇದೆ. ಆದರೆ ಎರಡನೆಯ ವಾರದಲ್ಲಿ ಇದರ ಫಲವನ್ನು ಕಣ್ಣಾರೆ ಕಂಡೆ. ತಂಗಿಯ ಮಗ ಹಲಗೆಯ ಮೇಲೆ 'ಬ್ಯಾಟ್' ಎಂಬ ಪದದ ಮೂರು ಅಕ್ಷರಗಳನ್ನು ತಾನೇ ಜೋಡಿಸಿ, ಒಂದೊಂದರ ಕೆಳಗೂ ಬೆರಳಿಟ್ಟು, 'ಬಾ, ಆ, ಟಾ' ಎಂದು ಮೂರು ಬಾರಿ ಹೇಳಿ, ಕೊನೆಗೆ 'ಬಾಟಾ' ಎಂದ. ಅವನು ಮಾಡಿದ್ದೆಲ್ಲವೂ ಸರಿಯಾಗಿತ್ತು. ಕೇಳಿದ ಧ್ವನಿಗಳನ್ನು ಒಂದೂ ಬಿಡದೆ ಕೂಡಿಸಿದ್ದ. ಅವನಿಗೆ ಕೊಟ್ಟ ಧ್ವನಿಗಳೇ ತಪ್ಪಾಗಿದ್ದವು. ಇಲ್ಲದ ಸ್ವರವೊಂದನ್ನು ವ್ಯಂಜನದ ಬಾಲಕ್ಕೆ ಕಟ್ಟಿ ಕಲಿಸಿದರೆ, ಪದವನ್ನು ಕೂಡಿಸುವಾಗ ಆ ಬಾಲವನ್ನು ಕತ್ತರಿಸುವ ಕೆಲಸ ಮಗುವಿನ ಮೇಲೆ ಬೀಳುತ್ತದೆ, ಹಾಗೆ ಕತ್ತರಿಸಬೇಕೆಂದು ಅದಕ್ಕೆ ಯಾರೂ ಹೇಳಿರುವುದಿಲ್ಲ.

ಕನ್ನಡ ಬಲ್ಲ ಮಕ್ಕಳ ಮಟ್ಟಿಗೆ ಈ ದೋಷ ಇನ್ನಷ್ಟು ಹಾನಿಕರ. ನಮ್ಮ ಅಕ್ಷರಮಾಲೆಯಲ್ಲಿ ವ್ಯಂಜನದೊಳಗೆ 'ಅ' ಕಾರ ಸೇರಿಕೊಂಡೇ ಇರುತ್ತದೆ. ಅದಲ್ಲದೆ ವ್ಯಂಜನದಲ್ಲಿ ಮುಗಿಯುವ ಪರಭಾಷೆಯ ಪದಕ್ಕೆ ಕೊನೆಯಲ್ಲೊಂದು 'ಉ' ಸೇರಿಸಿ ಬಸ್ಸು, ಪೆನ್ನು, ಕಾರು ಎನ್ನುವುದು ನಮ್ಮ ನಾಲಿಗೆಯ ಸಹಜ ಗುಣ. ಮಾತಿನಲ್ಲಿ ಅದು ಚಂದವೇ; ಅದರ ಬಗ್ಗೆ ಸಂಕೋಚಪಡಬೇಕಾದ ಅಗತ್ಯವೇನೂ ಇಲ್ಲ. ಆದರೆ ಧ್ವನಿಗಳನ್ನು ಕೂಡಿಸಿ ಓದುವ ಪಾಠದಲ್ಲಿ ಈ ಅಭ್ಯಾಸಕ್ಕೆ ಧ್ವನಿಮುದ್ರಣವೂ ಒತ್ತಾಸೆಯಾಗಿ ನಿಂತರೆ ಮಗು ಮುಂದಕ್ಕೆ ಹೋಗುವುದಿಲ್ಲ.

ಇದಕ್ಕೆ ಪರಿಹಾರವೂ ಕನ್ನಡದಲ್ಲೇ ಇದೆ ಎಂಬುದು ನನಗೆ ತಡವಾಗಿ ಹೊಳೆಯಿತು. 'ಕ್' ಮತ್ತು 'ಅ' ಸೇರಿದರೆ 'ಕ', 'ಕ್' ಮತ್ತು 'ಇ' ಸೇರಿದರೆ 'ಕಿ' ಎಂದು ಗುಣಿತಾಕ್ಷರಗಳನ್ನು ಬಿಡಿಸಿ ತೋರಿಸುವ ಪದ್ಧತಿ ನಮ್ಮಲ್ಲಿದೆಯಲ್ಲವೇ? ತಂಗಿಯ ಮಗನಿಗೆ ಕಾಗುಣಿತ ಆಗಲೇ ಬರುತ್ತಿತ್ತು. ಅವನಿಗೆ 'ಬಿ' ಅಕ್ಷರದ ಧ್ವನಿಯನ್ನು ಒಂದು ಕಾಗದದ ಮೇಲೆ 'ಬ್' ಎಂದು ಬರೆದು ತೋರಿಸಿದೆ. 'ದೊಡ್ಡಮ್ಮಾ, ಇದು ಅರ್ಧ ಬ' ಎಂದ. ಅಂದಿನಿಂದ ನಮ್ಮ ಮನೆಯಲ್ಲಿ ಎಲ್ಲ ವ್ಯಂಜನಗಳೂ 'ಅರ್ಧ'ಗಳೇ: ಅರ್ಧ ಟ, ಅರ್ಧ ಪ, ಅರ್ಧ ನ. ಕ್ಯೂಆರ್ ಕೋಡುಗಳ ಮೇಲೆ ಬಿಳಿ ಕಾಗದ ಅಂಟಿಸಿ, ಅದರ ಮೇಲೆ ಕನ್ನಡದ ಅರ್ಧಾಕ್ಷರವನ್ನು ಬರೆದಿಟ್ಟೆ. 'ಸ್', 'ಮ್', 'ನ್', 'ಫ್', 'ಲ್' ಮುಂತಾದ ಧ್ವನಿಗಳನ್ನು ಉಸಿರಿರುವಷ್ಟು ಹೊತ್ತು ಎಳೆಯಬಹುದು. 'ಬ್', 'ಟ್', 'ಕ್' ಧ್ವನಿಗಳನ್ನು ಎಳೆಯಲಾಗದು, ಅವುಗಳನ್ನು ಹಗುರವಾಗಿ ಮುಟ್ಟಿ ಬಿಡಬೇಕು. ಆದ್ದರಿಂದ ಕೂಡಿಸುವುದನ್ನು ಕಲಿಸುವಾಗ ಎಳೆಯಲು ಬರುವ ಧ್ವನಿಯಿಂದ ಆರಂಭವಾಗುವ 'ಸ್ಯಾಟ್', 'ಮ್ಯಾನ್', 'ನಿಪ್' ಮುಂತಾದ ಪದಗಳನ್ನು ಮೊದಲು ತೆಗೆದುಕೊಂಡೆ. ಮೊದಲ ಧ್ವನಿಯನ್ನು ನಿಲ್ಲಿಸದೆ ಎಳೆಯುತ್ತಲೇ ಎರಡನೆಯದಕ್ಕೆ ಜಾರಿದರೆ ನಡುವೆ ಬಿರುಕೇ ಉಳಿಯುವುದಿಲ್ಲ. ಮಗಳು ಹೀಗೆ ಮೊದಲ ಪದವನ್ನು ಓದಿದ್ದು ನಾಲ್ಕನೆಯ ದಿನ.

ಈ ಕೊರತೆಯ ಬಗ್ಗೆ ತಯಾರಕರಿಗೆ ಪತ್ರ ಬರೆದಿದ್ದೆ. ಮರ್ಯಾದೆಯಿಂದ ಉತ್ತರಿಸಿ, ಹೊಸ ಧ್ವನಿಮುದ್ರಣ ಸಿದ್ಧವಾಗುತ್ತಿದೆ ಎಂದು ತಿಳಿಸಿದರು. ಇದನ್ನು ಬರೆಯುವ ಹೊತ್ತಿಗೂ ಹಳೆಯದೇ ಕೇಳಿಸುತ್ತಿದೆ.

ಕಾರ್ಡುಗಳ ಚಿತ್ರಗಳಲ್ಲಿಯೂ ಎರಡು ತಪ್ಪುಗಳಿವೆ. 'ಎಕ್ಸ್' ಅಕ್ಷರಕ್ಕೆ ಸೈಲೋಫೋನಿನ ಚಿತ್ರ ಹಾಕಿದ್ದಾರೆ. ಇಂಗ್ಲಿಷ್ ಉಚ್ಚಾರಣೆಯಲ್ಲಿ ಆ ಪದದ ಮೊದಲಲ್ಲಿರುವುದು 'ಝಡ್' ಅಕ್ಷರದ ಧ್ವನಿ. 'ಬಾಕ್ಸ್' ಅಥವಾ 'ಫಾಕ್ಸ್' ಪದದ ಚಿತ್ರ ಹಾಕಿ, ಧ್ವನಿ ಕೊನೆಯಲ್ಲಿದೆ ಎಂದು ತೋರಿಸಬಹುದಿತ್ತು. 'ಜಿ' ಅಕ್ಷರಕ್ಕೆ ಜಿರಾಫೆಯ ಚಿತ್ರವಿದೆ. ಅಲ್ಲಿರುವುದು 'ಜ್', ಕಲಿಸಬೇಕಾದದ್ದು 'ಗ್'. ಇವೆರಡು ಕಾರ್ಡುಗಳನ್ನು ನಾನು ತೆಗೆದಿಟ್ಟಿದ್ದೇನೆ.

ಇನ್ನು ಪುಸ್ತಕಗಳಿಗೆ ಬರುತ್ತೇನೆ. ಈ ಪೆಟ್ಟಿಗೆಯ ಜೀವವೇ ಅವು. 42 ಧ್ವನಿಗಳನ್ನು ಆರು ಗುಂಪುಗಳಾಗಿ ವಿಂಗಡಿಸಿದ್ದಾರೆ, ಪ್ರತಿ ಗುಂಪಿಗೂ ಆರು ಪುಸ್ತಕಗಳಿವೆ. ಅಕ್ಷರಮಾಲೆಯ ಕ್ರಮವನ್ನು ಬಿಟ್ಟು 'ಎಸ್, ಎ, ಟಿ, ಪಿ, ಐ, ಎನ್' ಎಂಬ ಆರು ಅಕ್ಷರಗಳಿಂದ ಆರಂಭಿಸಿದ್ದಾರೆ. ಹಲವು ಒಳ್ಳೆಯ ಪಠ್ಯಕ್ರಮಗಳು ಅನುಸರಿಸುವ ಆರಂಭವಿದು, ಕಾರಣವೂ ಸರಳವಾಗಿದೆ. ಎ, ಬಿ, ಸಿ, ಡಿ ಎಂಬ ಕ್ರಮದಲ್ಲಿ ಮೊದಲ ನಾಲ್ಕು ಅಕ್ಷರ ಕಲಿತ ಮಗುವಿಗೆ 'ಕ್ಯಾಬ್', 'ಬ್ಯಾಡ್' ಮುಂತಾದ ಬೆರಳೆಣಿಕೆಯ ಪದಗಳು ಮಾತ್ರ ಸಿಗುತ್ತವೆ. ಈ ಆರರಿಂದಾದರೋ 'ಸಿಟ್', 'ಟಿನ್', 'ಪ್ಯಾನ್', 'ಟ್ಯಾಪ್', 'ನ್ಯಾಪ್', 'ಆ್ಯಂಟ್', 'ಸ್ಪಿನ್', 'ಸ್ನ್ಯಾಪ್' ಎಂದು ಪದಗಳು ಒಂದರ ಹಿಂದೊಂದು ಬರುತ್ತಲೇ ಇರುತ್ತವೆ. ಕಲಿತದ್ದನ್ನು ಅದೇ ವಾರ ಬಳಸಿ ಒಂದು ಇಡೀ ಪುಸ್ತಕ ಓದಿ ಮುಗಿಸುವ ಸಂತೋಷ ಮಗುವಿನ ಪಾಲಿಗೆ ಸಣ್ಣದಲ್ಲ.

ಪುಸ್ತಕಗಳಲ್ಲಿ ಇನ್ನೊಂದು ಕಟ್ಟುನಿಟ್ಟನ್ನು ಪಾಲಿಸಿದ್ದಾರೆ. ಆ ಗುಂಪಿನವರೆಗೆ ಕಲಿಸಿರದ ಅಕ್ಷರ ಇರುವ ಪದ ಯಾವ ಪುಟದಲ್ಲಿಯೂ ನುಸುಳಿಲ್ಲ; ನಾನು ಮೊದಲ ಮೂರು ಗುಂಪುಗಳ ಪುಸ್ತಕಗಳನ್ನು ಪದಪದವಾಗಿ ಪರಿಶೀಲಿಸಿದ್ದೇನೆ. ಇಂತಹ ಪುಸ್ತಕಗಳನ್ನು ಶಿಕ್ಷಕರು ಡಿಕೋಡಬಲ್ ಪುಸ್ತಕಗಳು ಎನ್ನುತ್ತಾರೆ. ಬೇರೆ ಬಗೆಯ ಆರಂಭಿಕ ಪುಸ್ತಕಗಳಲ್ಲಿ ಚಿತ್ರ ನೋಡಿ ಪದವನ್ನು ಊಹಿಸುವ ಅಭ್ಯಾಸ ಬೆಳೆಯುತ್ತದೆ. ಮಗಳ ಬಳಿ ಮೊದಲೇ ಅಂಥದ್ದೊಂದಿತ್ತು. ಕುದುರೆಯ ಚಿತ್ರದ ಕೆಳಗೆ 'ಪೋನಿ' ಎಂದು ಬರೆದಿದ್ದರೂ ಅವಳು ಅನುಮಾನವಿಲ್ಲದೆ 'ಹಾರ್ಸ್' ಎಂದು ಓದುತ್ತಿದ್ದಳು. ಈ ಪೆಟ್ಟಿಗೆಯ ಪುಸ್ತಕಗಳಲ್ಲಿ ವಾಕ್ಯ ಒಂದು ಪುಟದಲ್ಲಿ, ಚಿತ್ರ ಹಾಳೆ ತಿರುವಿದ ನಂತರದ ಪುಟದಲ್ಲಿದೆ. ಮೊದಲು ಓದಿ, ಆಮೇಲೆ ಚಿತ್ರ ನೋಡಿ ತಾನು ಓದಿದ್ದು ಸರಿಯೇ ಎಂದು ಮಗು ತಾನೇ ತಿಳಿಯಬಹುದು. ಇಷ್ಟು ವಿವೇಕದ ಪುಟವಿನ್ಯಾಸವನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ಪ್ರತಿ ಪುಸ್ತಕದ ಕೊನೆಯ ಪುಟದಲ್ಲಿ ಒಂದು ವಿಚಿತ್ರ ಪ್ರಾಣಿಯ ಚಿತ್ರವೂ ಅದರ ಪಕ್ಕದಲ್ಲಿ 'ವ್ಯಾಪ್', 'ಟೆಗ್', 'ನಿಬ್ಸ್ಟ್' ಎಂಬಂತಹ ಅರ್ಥವಿಲ್ಲದ ಹೆಸರುಗಳೂ ಇವೆ. ನನ್ನ ತಂಗಿ ಇದನ್ನು ನೋಡಿ, ಇಲ್ಲದ ಪದಗಳನ್ನು ಮಕ್ಕಳ ತಲೆಗೆ ಏಕೆ ತುಂಬಬೇಕೆಂದು ಕೇಳಿದಳು. ಪ್ರಶ್ನೆ ಸಹಜವಾದದ್ದೇ. ಪರಿಚಿತ ಪದವನ್ನು ಮಗು ನೆನಪಿನಿಂದ ಹೇಳಿತೋ ಓದಿ ಹೇಳಿತೋ ನಮಗೆ ತಿಳಿಯುವುದಿಲ್ಲ. ಎಂದೂ ಕೇಳಿರದ ಪದವನ್ನು ಧ್ವನಿ ಕೂಡಿಸಿಯೇ ಓದಬೇಕು. ಇಂಗ್ಲೆಂಡಿನ ಶಾಲೆಗಳಲ್ಲಿ ಐದಾರು ವರ್ಷದ ಮಕ್ಕಳಿಗೆ 2012ರಿಂದ ನಡೆಯುತ್ತಿರುವ ಫೋನಿಕ್ಸ್ ತಪಾಸಣೆಯಲ್ಲಿ ಓದಿಸುವ 40 ಪದಗಳ ಪೈಕಿ 20 ಇಂತಹ ಕಟ್ಟಿದ ಪದಗಳೇ. ನಮ್ಮ ಮಕ್ಕಳಿಬ್ಬರೂ ಪುಸ್ತಕ ಕೈಗೆ ಬಂದೊಡನೆ ಮೊದಲು ಆ ಪುಟವನ್ನೇ ತೆರೆಯುತ್ತಾರೆ.

ಎರಡು ಅಕ್ಷರ ಸೇರಿ ಒಂದೇ ಧ್ವನಿಯಾಗುವ ಮೂರನೆಯ ಗುಂಪಿನಲ್ಲಿ ನಮಗೆ ಹೆಚ್ಚು ಸಮಯ ಹಿಡಿಯಿತು. 'ಎಸ್' ಮತ್ತು 'ಎಚ್' ಸೇರಿ 'ಶ್' ಆಗುವುದನ್ನು ಮಗಳು ಒಪ್ಪಲೇ ಇಲ್ಲ. 'ಶಿಪ್' ಪದವನ್ನು 'ಸ್ ಹಿಪ್' ಎಂದು ಪಟ್ಟು ಹಿಡಿದು ಓದಿದಳು. ಆ ಎರಡು ಅಯಸ್ಕಾಂತದ ಅಕ್ಷರಗಳನ್ನು ರಬ್ಬರ್ ಬ್ಯಾಂಡಿನಿಂದ ಕಟ್ಟಿ ಕೊಟ್ಟ ಮೇಲೆ, ಅವು ಕೈ ಹಿಡಿದುಕೊಂಡೇ ನಡೆಯುವ ಜೊತೆಗಾರರೆಂದು ತಾನೇ ಹೆಸರಿಟ್ಟು ಮುಂದೆ ಹೋದಳು. ಅಯಸ್ಕಾಂತದ ಅಕ್ಷರಗಳು ಗಟ್ಟಿಮುಟ್ಟಾಗಿವೆ. ಸ್ವರಗಳಿಗೆ ಕೆಂಪು, ವ್ಯಂಜನಗಳಿಗೆ ನೀಲಿ ಬಣ್ಣ ಕೊಟ್ಟಿರುವುದು ಉಪಯುಕ್ತ. ಪದದ ಕೊನೆಯಲ್ಲಿ 'ಇ' ಅಕ್ಷರವೊಂದನ್ನು ತಂದಿಟ್ಟರೆ 'ಟ್ಯಾಪ್' ಎಂಬುದು 'ಟೇಪ್' ಆಗುವುದನ್ನೂ 'ಪಿನ್' ಎಂಬುದು 'ಪೈನ್' ಆಗುವುದನ್ನೂ ಹಲಗೆಯ ಮೇಲೆ ಕಣ್ಣೆದುರೇ ತೋರಿಸಬಹುದು.

ಕೈಪಿಡಿಯಲ್ಲಿ ಬಾಯಿಯ ಛಾಯಾಚಿತ್ರಗಳಿವೆ. ಅವುಗಳಿಂದ ನಾನೇ ಕಲಿತೆ. 'ವಿ' ಅಕ್ಷರಕ್ಕೆ ಮೇಲಿನ ಹಲ್ಲು ಕೆಳತುಟಿಯನ್ನು ಮುಟ್ಟಬೇಕು, 'ಡಬ್ಲ್ಯೂ' ಅಕ್ಷರಕ್ಕೆ ತುಟಿಗಳು ದುಂಡಗಾಗಬೇಕು. ಕನ್ನಡದಲ್ಲಿ ಎರಡಕ್ಕೂ 'ವ' ಒಂದೇ ಸಾಕಾಗುವುದರಿಂದ ಈ ವ್ಯತ್ಯಾಸವನ್ನು ನಾನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲ. ಮಕ್ಕಳ ಕೈಗೆ ಕನ್ನಡಿ ಕೊಟ್ಟು, 'ವಿ' ಅಕ್ಷರದಿಂದ ಆರಂಭವಾಗುವ 'ವೆಟ್', 'ಡಬ್ಲ್ಯೂ' ಅಕ್ಷರದಿಂದ ಆರಂಭವಾಗುವ 'ವೆಟ್' ಎಂಬ ಎರಡೂ ಪದಗಳನ್ನು ಹೇಳಿಸಿದೆವು. ಆದರೆ 'ಎಗ್' ಎಂಬುದನ್ನು ನಾವು 'ಯೆಗ್' ಎನ್ನುವಂತಹ ಅಭ್ಯಾಸಗಳ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. 'ಸೆಡ್', 'ವಾಸ್', 'ದ' ಮುಂತಾದ ನಿಯಮ ಮೀರಿದ ಪದಗಳ ಬಗ್ಗೆ ಮಾತ್ರ ಒಳ್ಳೆಯ ಸಲಹೆಯಿದೆ: ಇಡೀ ಪದವನ್ನು ಉರು ಹೊಡೆಸದೆ, 'ಸೆಡ್' ಪದದ ಮೊದಲ ಮತ್ತು ಕೊನೆಯ ಧ್ವನಿಗಳು ನಿಯಮದಂತೆಯೇ ಇವೆಯೆಂದೂ ನಡುವಿನ ಎರಡು ಅಕ್ಷರಗಳಷ್ಟೇ ತಂಟೆ ಮಾಡುತ್ತವೆಯೆಂದೂ ತೋರಿಸಬೇಕು ಎಂದಿದ್ದಾರೆ. ಹಾಗೆ ತೋರಿಸಿದ ಪದಗಳನ್ನು ಮಕ್ಕಳು ಮರೆತಿಲ್ಲ.

ಯಾರಿಗೆ ಇದು ಸರಿಹೊಂದುತ್ತದೆ ಎಂದು ಕೇಳಿದರೆ, ದಿನಕ್ಕೆ ಹದಿನೈದು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತುಕೊಳ್ಳಬಲ್ಲವರಿಗೆ ಎಂಬುದು ನನ್ನ ಉತ್ತರ. ಮೊಬೈಲನ್ನು ಮಗುವಿನ ಕೈಗೆ ಕೊಟ್ಟು ತಾವು ಬೇರೆ ಕೆಲಸ ನೋಡಿಕೊಳ್ಳಬಹುದೆಂಬ ಎಣಿಕೆಯಿದ್ದರೆ ಈ ಪೆಟ್ಟಿಗೆಯನ್ನು ಕೊಳ್ಳಬೇಡಿ, ಏಕೆಂದರೆ ಆಗ ಇದರ ಅತ್ಯಂತ ದುರ್ಬಲ ಭಾಗವೇ ಮಗುವಿನ ಗುರುವಾಗುತ್ತದೆ. ಕನ್ನಡ ಓದಲು ಬರುವ ತಾಯಿತಂದೆಯರು ಇಂಗ್ಲಿಷ್ ಉಚ್ಚಾರಣೆಯ ಬಗ್ಗೆ ಅಳುಕದೆ, ಅರ್ಧಾಕ್ಷರಗಳನ್ನು ಬರೆದುಕೊಂಡು ಧೈರ್ಯವಾಗಿ ಆರಂಭಿಸಬಹುದು.

ತಂಗಿಯ ಮಗ ಈಗ ಐದನೆಯ ಗುಂಪಿನಲ್ಲಿದ್ದಾನೆ. ಮಗಳು ನಾಲ್ಕನೆಯದನ್ನು ಮುಗಿಸುತ್ತಿದ್ದಾಳೆ. ನಿನ್ನೆ ಸಂಜೆ ಅವಳು ಪೆಟ್ಟಿಗೆಯ ಮುಚ್ಚಳದ ಮೇಲೆ ಅಚ್ಚಾಗಿರುವ ಪದವೊಂದರ ಕೆಳಗೆ ಬೆರಳೆಳೆಯುತ್ತಾ 'ಬ್‌, ಆ, ಕ್ಸ್‌' ಎಂದು ಪಿಸುಗುಟ್ಟಿ, 'ಅಮ್ಮಾ, ಇದು ಇಷ್ಟು ದಿನವೂ ಬಾಕ್ಸ್ ಅಂತಲೇ ಬರೆದಿತ್ತಾ?' ಎಂದು ಕೇಳಿದಳು.